ಕೀ ತೆಗೆದರೆ ಸ್ಟೀರಿಯೋ ಎಲ್ಲ ಮರೆಯುತ್ತಾ? ಹಳದಿ, ಕೆಂಪು ವೈರ್ ನೋಡಿ

ಹೊಸ ಸ್ಟೀರಿಯೋ ಹಾಕಿದ ಮೇಲೆ ಕೀ ತೆಗೆದಾಗಲೆಲ್ಲ ಸ್ಟೇಷನ್ನು, ಗಡಿಯಾರ ಎಲ್ಲ ಅಳಿಸಿಹೋಗುತ್ತಿದೆ, ಸೆಟ್ ಕೂಡ ಡ್ಯಾಶ್‌ಬೋರ್ಡ್ ಒಳಗೆ ಪೂರ್ತಿ ಕೂರುತ್ತಿಲ್ಲ ಅಂದಿದ್ದೀರಿ. ಸೆಟ್ ಕೆಟ್ಟಿರಲಿಕ್ಕಿಲ್ಲ, ಈಗಲೇ ವಾಪಸ್ ಕೊಡಲು ಓಡಬೇಡಿ.

ಸೆಟ್‌ನ ಹಳದಿ ವೈರ್‌ಗೆ ಯಾವಾಗಲೂ 12 ವೋಲ್ಟ್ ಸಿಗಬೇಕು, ಸೆಟ್ಟಿಂಗ್ ಉಳಿಯುವುದು ಅದರಿಂದಲೇ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಸಾಕು. ಕೆಲವು ಕಾರುಗಳ ಕನೆಕ್ಟರ್‌ನಲ್ಲಿ ಇವೆರಡೂ ಅದಲು ಬದಲಾಗಿರುತ್ತವೆ. ಹಾಗಾಗಿ ಬಣ್ಣ ನಂಬಬೇಡಿ. ಕೀ ತೆಗೆದು, ಕಾರಿನ ಕಡೆಯ ಯಾವ ಪಿನ್‌ನಲ್ಲಿ ಇನ್ನೂ 12 ವೋಲ್ಟ್ ಇದೆ ಅಂತ ಮಲ್ಟಿಮೀಟರ್ ಹಿಡಿದು ನೋಡಿ, ಹಳದಿ ಅದಕ್ಕೇ ಸೇರಬೇಕು. ಎಷ್ಟೋ ಹಾರ್ನೆಸ್‌ಗಳಲ್ಲಿ (ಸೆಟ್‌ನ ವೈರ್‌ಗಳ ಕಟ್ಟು) ಈ ಎರಡು ವೈರ್‌ಗೆ ಬುಲೆಟ್ ಕನೆಕ್ಟರ್, ಅಂದರೆ ಎಳೆದರೆ ಬಿಚ್ಚಿಕೊಳ್ಳುವ ಜೋಡಣೆ, ಇಟ್ಟಿರುತ್ತಾರೆ, ಎಳೆದು ಅದಲು ಬದಲು ಮಾಡಿ ಸಿಕ್ಕಿಸಿದರೆ ಮುಗಿಯಿತು, ಸುಮ್ನೆ ಕತ್ತರಿಸಲು ಹೋಗಬೇಡಿ. ವೈರ್ ಎಳೆಯುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡಿ. ಎರಡೇ ನಿಮಿಷದ ಕೆಲಸ ಅಲ್ವಾ ಅಂತ ಬಿಟ್ಟು ನಾನೊಮ್ಮೆ ಫ್ಯೂಸ್ ಸುಟ್ಟುಕೊಂಡಿದ್ದೇನೆ.

ಕೂರದಿರುವುದಕ್ಕೆ ಕಾರಣ ಹೆಚ್ಚಾಗಿ ಹಿಂದೆ ಗುಡ್ಡೆಯಾದ ವೈರ್. ಜೋರಾಗಿ ತಳ್ಳಬೇಡಿ, ಆಂಟೆನಾ ಪ್ಲಗ್ ಬಾಗುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಕೆಳಗೋ ಪಕ್ಕಕ್ಕೋ ಸ್ವಲ್ಪ ಖಾಲಿ ಜಾಗ ಕಾಣಬಹುದು, ಗಂಟನ್ನು ಅಲ್ಲಿಗೆ ಇಳಿಸಿ. ಸ್ಪಂಜ್ ಟೇಪ್ ಸುತ್ತಿಟ್ಟರೆ ಗಡಗಡ ಸದ್ದೂ ಬರುವುದಿಲ್ಲ.