ರಕ್ತ ಪರೀಕ್ಷೆ ಮಾಡಿಸಿದ ಮೇಲೆ ‘ಇವಳು ಯಾರು’ ಎಂದು ಕೇಳಬಾರದೇ?

(ಉಡುಪಿಯ ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ)

ಪತ್ರದ ಸಾರ: ‘ನಾವು ಆರು ಮಂದಿ ಸ್ನೇಹಿತರು, ಉಡುಪಿ–ಮಣಿಪಾಲದವರು. ನಾಲ್ಕು ತಿಂಗಳು ಶನಿವಾರ, ಭಾನುವಾರ ಕೂತು “ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ” ಮುಗಿಸಿದೆವು. ಕೊನೆಯ ಕಂತು ಮುಗಿದ ರಾತ್ರಿಯೇ ಜಗಳ. “ಎಲ್ಲ ದೇವರು ಮಾಡಿಸಿದ್ದು ಅಂತ ಕೈ ತೊಳೆದುಕೊಂಡರು ಮಾರಾಯ್ರೇ, ಮೋಸ” ಅಂತ ಮೂವರು. ಇಬ್ಬರಿಗೆ ಕಣ್ಣೀರು. ನಾನು ನಡುವೆ. ವಿಜ್ಞಾನದ ಕಥೆಯನ್ನು ದೇವರಿಂದ ಮುಗಿಸಬಹುದೇ? ಕೊನೆಯಲ್ಲಿ ಬರುವ “ಈವ್” ನಿಜವಾದ ವಿಜ್ಞಾನವೇ? ಇದನ್ನು ನಮ್ಮ ಊರಿನ ಗ್ರಂಥಾಲಯದಲ್ಲಿ ಚರ್ಚೆಗೆ ಇಡಬೇಕೆಂದಿದ್ದೇವೆ, ಹೇಗೆ ನಡೆಸುವುದು? “ಲಾಸ್ಟ್” ಧಾರಾವಾಹಿಯಲ್ಲೂ ಎಲ್ಲರೂ ಮೊದಲೇ ಸತ್ತಿದ್ದರಂತೆ, ಹೌದೇ?’

ಆತ್ಮೀಯರೇ,

ಧಾರಾವಾಹಿಯ ಕೊನೆ ನೋಡದವರು ದಯವಿಟ್ಟು ಈ ಪುಟ ಬಿಟ್ಟು ಮುಂದೆ ಹೋಗಿ. ಇಲ್ಲಿ ಯಾವುದನ್ನೂ ಮುಚ್ಚಿಟ್ಟು ಬರೆಯಲು ಆಗುವುದಿಲ್ಲ. ಕಥೆ ಗೊತ್ತಿಲ್ಲದವರಿಗೆ ಒಂದು ಸಾಲು: ಮನುಷ್ಯರೇ ಮಾಡಿದ ಸೈಲಾನ್ ಎಂಬ ಯಂತ್ರಗಳು ತಿರುಗಿಬಿದ್ದು ಮನುಷ್ಯರನ್ನು ನಾಶಮಾಡಿದಾಗ, ಉಳಿದವರು ಗ್ಯಾಲಾಕ್ಟಿಕಾ ಎಂಬ ಯುದ್ಧನೌಕೆಯ ಜತೆ ಬಾಹ್ಯಾಕಾಶದಲ್ಲಿ ಭೂಮಿಯನ್ನು ಹುಡುಕುತ್ತಾ ಅಲೆಯುತ್ತಾರೆ.

ನಿಮ್ಮ ಆರು ಮಂದಿಯ ಜಗಳ 2009ರ ಮಾರ್ಚ್ 20ರ ರಾತ್ರಿ ಅಮೆರಿಕದಲ್ಲಿ ಶುರುವಾದದ್ದು. ‘ಡೇಬ್ರೇಕ್’ ಎಂಬ ಕೊನೆಯ ಕಥೆಯ ಮೊದಲ ಭಾಗ 13ಕ್ಕೆ ಬಂತು, ಉಳಿದದ್ದು 20ಕ್ಕೆ. ಅಂದು ಎರಡು ಪಾಳಯವಾದ ಅಭಿಮಾನಿಗಳು ಇನ್ನೂ ಒಂದಾಗಿಲ್ಲ. ಒಂದಾಗದಿರುವುದಕ್ಕೆ ಕಾರಣವೂ ಇದೆ. ‘ನಾನು ಬಯಸಿದ ಹಾಗೆ ಮುಗಿಯಲಿಲ್ಲ’ ಎನ್ನುವ ಬೇಸರ ಒಂದು, ‘ಕೊಟ್ಟ ಮಾತು ಉಳಿಸಲಿಲ್ಲ’ ಎನ್ನುವ ದೂರು ಇನ್ನೊಂದು. ಜಗಳದ ಹೊತ್ತಿನಲ್ಲಿ ಎರಡೂ ಒಂದೇ ದನಿಯಲ್ಲಿ ಹೊರಬರುತ್ತವೆ. ಬೇಸರಕ್ಕೆ ತೀರ್ಪು ಕೊಡಲು ಯಾರಿಗೂ ಸಾಧ್ಯವಿಲ್ಲ. ದೂರನ್ನು ಮಾತ್ರ ಹಳೆಯ ಕಂತು ತೆರೆದು ಪರೀಕ್ಷಿಸಬಹುದು: ಮಾತು ಕೊಟ್ಟದ್ದು ಎಲ್ಲಿ, ತೀರಿಸಿದ್ದು ಎಲ್ಲಿ? ಹಾಗೆ ನೋಡಿದರೆ ನಿಮ್ಮ ಮೂವರು ಸ್ನೇಹಿತರು ಒಂದು ಕಡೆ ತಪ್ಪು, ಒಂದು ಕಡೆ ಪೂರ್ತಿ ಸರಿ.

ತಪ್ಪು ಎಲ್ಲಿ? ದೇವರ ವಿಷಯದಲ್ಲಿ. ದೇವರು ಕೊನೆಯ ಕಂತಿಗೆ ಹಾರಿ ಬಂದದ್ದಲ್ಲ. ಎರಡನೇ ಸೀಸನ್‌ನ ಏಳನೇ ಕಂತು ‘ಹೋಮ್’ ಎರಡನೇ ಭಾಗವನ್ನು ಮತ್ತೆ ಹಾಕಿ ನೋಡಿ. ತನ್ನ ಕಣ್ಣಿಗೆ ಮಾತ್ರ ಕಾಣುವ ಹೆಣ್ಣು ತಲೆಯೊಳಗೆ ಕೂರಿಸಿದ ಚಿಪ್ ಇರಬೇಕೆಂದು ವಿಜ್ಞಾನಿ ಬಾಲ್ಟರ್ ಮೆದುಳಿನ ಸ್ಕ್ಯಾನ್ ಮಾಡಿಸಿಕೊಳ್ಳುತ್ತಾನೆ. ಚಿಪ್ ಇಲ್ಲ. ಹಾಗಾದರೆ ನೀನು ಏನು ಎಂದು ಕೇಳಿದಾಗ ‘ನಾನು ದೇವರ ದೂತೆ’ ಎಂದು ಅವಳೇ ಹೇಳುತ್ತಾಳೆ. ಇದು 2005ರ ಕಂತು. ಅವಳು ಸುಳ್ಳು ಹೇಳುತ್ತಿದ್ದಾಳೆಂದು ನಾವೆಲ್ಲ ಅಂದುಕೊಂಡೆವು. ಕೊನೆಯ ಕಂತು ‘ಅದು ನಿಜವೇ ಆಗಿತ್ತು’ ಎಂದಿತು. ಒಪೆರಾ ಮನೆಯ (ಸಂಗೀತ ರಂಗಮಂದಿರದ) ಕನಸೂ ಹಾಗೆಯೇ. ಮೊದಲ ಸೀಸನ್‌ನ ಕೊನೆಯಲ್ಲಿ ಬಾಲ್ಟರ್‌ಗೆ ಕಂಡ ಆ ಮನೆ, ಕಡೆಗೆ ಗ್ಯಾಲಾಕ್ಟಿಕಾ ಹಡಗಿನ ನಿಯಂತ್ರಣ ಕೊಠಡಿಯೇ ಆಗುತ್ತದೆ. ಮಗು ಹೆರಾಳನ್ನು ಎತ್ತಿಕೊಂಡು ಬಾಗಿಲು ದಾಟುವವರು, ಮೇಲಿನ ಅಂತಸ್ತಿನಲ್ಲಿ ನಿಂತ ಐವರು ಸೈಲಾನರು, ಎಲ್ಲರೂ ಕನಸಿನಲ್ಲಿ ಕಂಡ ಜಾಗದಲ್ಲೇ ಇದ್ದಾರೆ. ಇಷ್ಟು ಚೊಕ್ಕವಾಗಿ ಸಾಲ ತೀರಿಸಿದ ಧಾರಾವಾಹಿಗಳು ಕಡಿಮೆ.

ಸರಿ ಎಲ್ಲಿ? ಯುದ್ಧವಿಮಾನದ ಪೈಲಟ್ ಕಾರಾ ತ್ರೇಸ್ ವಿಷಯದಲ್ಲಿ. ಅವಳು ಮೂರನೇ ಸೀಸನ್‌ನ ‘ಮೇಲ್‌ಸ್ಟ್ರಾಮ್’ ಕಂತಿನಲ್ಲಿ ಸತ್ತಳು. ಸೀಸನ್ ಮುಗಿಯುವ ಹೊತ್ತಿಗೆ ಹೊಚ್ಚ ಹೊಸ ವಿಮಾನದಲ್ಲಿ ಮರಳಿದಳು. ನಾಲ್ಕನೇ ಸೀಸನ್‌ನಲ್ಲಿ ಸುಟ್ಟು ಹೋದ ಗ್ರಹದ ಮೇಲೆ ತನ್ನದೇ ವಿಮಾನದ ಅವಶೇಷ, ಅದರೊಳಗೆ ತನ್ನದೇ ಹೆಣ ನೋಡಿದಳು. ಹೆಣದ ಕೊರಳಲ್ಲಿದ್ದ ಬಿಲ್ಲೆಯನ್ನು ತಂದು, ಅದಕ್ಕೆ ಅಂಟಿದ ಒಣ ರಕ್ತವನ್ನು ಪರೀಕ್ಷಿಸಲು ಬಾಲ್ಟರ್ ಕೈಗೆ ಕೊಟ್ಟಳು. ರಕ್ತ ಅವಳದ್ದೇ ಎಂದು ಆತ ತುಂಬಿದ ಸಭೆಯಲ್ಲಿ ಸಾರಿದ. ಇದು 2009ರ ಮಾರ್ಚ್ 6ರ ಕಂತು. ‘ಡೇಬ್ರೇಕ್’ಗೆ ಉಳಿದದ್ದು ಒಂದೇ ವಾರ. ಆ ಮೇಲೆ? ಹುಲ್ಲುಗಾವಲಿನಲ್ಲಿ ಜತೆಗಾರ ಪೈಲಟ್ ಲೀ ಜತೆ ಮಾತಾಡುತ್ತಾ ನಿಂತವಳು, ಅವನು ತಿರುಗಿ ನೋಡುವಷ್ಟರಲ್ಲಿ ಇಲ್ಲ.

ಬೇಕೆಂದೇ ಬಿಡಿಸದೆ ಬಿಟ್ಟೆವು ಎಂದು ಧಾರಾವಾಹಿಯ ಮುಖ್ಯ ಬರಹಗಾರ ರೊನಾಲ್ಡ್ ಮೂರ್ ಹೇಳಿದ್ದಾರೆ. ಗೂಢವನ್ನು ಗೂಢವಾಗಿಯೇ ಬಿಡುವ ಹಕ್ಕು ಬರಹಗಾರನಿಗೆ ಇದೆ, ಅದರಲ್ಲಿ ತಕರಾರಿಲ್ಲ. ಆದರೆ ಹಾಗೆ ಬಿಡುವವರು ರಕ್ತವನ್ನು ಲ್ಯಾಬಿಗೆ ಕೊಡಬಾರದಿತ್ತು. ಪರೀಕ್ಷೆ ಮಾಡಿಸಿ, ವರದಿಯನ್ನು ಸಭೆಯಲ್ಲಿ ಓದಿದ ಮೇಲೆ ‘ಹಾಗಾದರೆ ಎದುರಿಗೆ ನಿಂತವಳು ಯಾರು’ ಎಂದು ಕೇಳುವುದು ನೋಡುವವನ ತಪ್ಪಲ್ಲ. ಪ್ರಶ್ನೆಯನ್ನು ವಿಜ್ಞಾನದ ಭಾಷೆಯಲ್ಲಿ ಕೇಳಿ ಉತ್ತರವನ್ನು ಭಕ್ತಿಯ ಭಾಷೆಯಲ್ಲಿ ಕೊಟ್ಟರು. ನಿಮ್ಮ ಸ್ನೇಹಿತರಿಗೆ ನೋವಾದದ್ದು ಅಲ್ಲಿ. ಅದನ್ನು ಅವರು ‘ದೇವರು ಬಂದ’ ಎಂದು ತಪ್ಪಾಗಿ ಹೆಸರಿಸುತ್ತಿದ್ದಾರೆ, ಅಷ್ಟೇ.

ಇನ್ನು ತೇಪೆಗಳ ಮಾತು. ಮೊದಲ ಸೀಸನ್‌ಗಳಲ್ಲಿ ಕಂತಿನ ಆರಂಭಕ್ಕೆ ‘ಸೈಲಾನರ ಬಳಿ ಒಂದು ಯೋಜನೆ ಇದೆ’ ಎಂಬ ಸಾಲು ಬರುತ್ತಿತ್ತಲ್ಲ, ಅಂಥ ಯೋಜನೆ ಬರಹಗಾರರ ಬಳಿ ಇರಲಿಲ್ಲ. ‘ಕೊನೆಯ ಐವರು’ ಎಂಬ ಗುಪ್ತ ಸೈಲಾನರು ಯಾರೆಂಬುದನ್ನೂ ಅವರು ತೀರ್ಮಾನಿಸಿದ್ದು ಮೂರನೇ ಸೀಸನ್ ಬರೆಯುವಾಗ. ತಡವಾಗಿ ತೀರ್ಮಾನಿಸಿದರೆ ಹಿಂದಿನ ಕಂತುಗಳಲ್ಲಿ ಲೆಕ್ಕ ತಪ್ಪುತ್ತದೆ. ಒಂದು ಉದಾಹರಣೆ ನೋಡಿ. ಮನುಷ್ಯರೂಪದ ಸೈಲಾನರಲ್ಲಿ ಒಟ್ಟು 12 ಮಾದರಿ. ಐವರು ಗುಪ್ತ ಎಂದರೆ ಉಳಿದವು 7. ಆದರೆ ಸೈಲಾನ್ ಆದ ಶೆರನ್‌ಗೆ ಆಗಲೇ ‘ಎಂಟು’ ಎಂಬ ಸಂಖ್ಯೆ ಕೊಟ್ಟಾಗಿತ್ತು. ಒಂದರಿಂದ ಆರು, ಆಮೇಲೆ ಎಂಟು. ಏಳನೆಯ ಜಾಗ ಖಾಲಿ! ಅದನ್ನು ತುಂಬಲು ‘ನೋ ಎಕ್ಸಿಟ್’ ಕಂತಿನಲ್ಲಿ ಡೇನಿಯಲ್ ಎಂಬ ಸತ್ತ ಮಾದರಿಯ ಹೆಸರು ಹೇಳಿ ಮುಗಿಸಿದರು. ಅಭಿಮಾನಿಗಳು ಆ ಹೆಸರನ್ನು ಬೀಗದ ಕೈ ಎಂದು ಹಿಡಿದರು. ಡೇನಿಯಲ್ ಕಲಾವಿದ, ಕಾರಾಳ ಅಪ್ಪ ಪಿಯಾನೊ ನುಡಿಸುವವನು, ಆದ್ದರಿಂದ ಇಬ್ಬರೂ ಒಬ್ಬನೇ ಎಂದು ಕಟ್ಟಿದರು. ಅದು ಹಾಗಲ್ಲ, ಬರೀ ಹಿನ್ನೆಲೆಯ ವಿವರ ಎಂದು ಮೂರ್ ಸ್ಪಷ್ಟಪಡಿಸಬೇಕಾಯಿತು. ಹಡಗಿನ ಮೆಕ್ಯಾನಿಕ್ ಟೈರಲ್‌ನ ಮಗುವಿನದ್ದೂ ಇದೇ ಕಥೆ. ಟೈರಲ್ ಸೈಲಾನ್ ಎಂದಾದ ಮೇಲೆ ಹೆರಾ ಒಬ್ಬಳೇ ಸೈಲಾನ್–ಮನುಷ್ಯ ಮಿಶ್ರ ಸಂತಾನ ಎನ್ನುವುದು ನಿಲ್ಲುವುದಿಲ್ಲ. ಹಾಗಾಗಿ ನಾಲ್ಕನೇ ಸೀಸನ್‌ನಲ್ಲಿ ಮಗುವಿಗೆ ಕಾಯಿಲೆ ಬರಿಸಿ, ಪರೀಕ್ಷೆಯಲ್ಲಿ ಅಪ್ಪ ಬೇರೆ ಎಂದು ತೋರಿಸಿದರು. ಈ ತೇಪೆ ನನಗೆ ಈಗಲೂ ಸಹಿಸಲಾಗದ್ದು. ಅವನ ಸತ್ತ ಹೆಂಡತಿ ಕ್ಯಾಲಿಯ ಮರ್ಯಾದೆ ಕಳೆದು ಲೆಕ್ಕ ಸರಿಪಡಿಸಿದ ಹಾಗಾಯಿತು.

ಬರಹಗಾರರ ಮುಷ್ಕರವನ್ನೂ ಮರೆಯುವಂತಿಲ್ಲ. 2007ರ ನವೆಂಬರ್ 5ರಿಂದ 100 ದಿನ ಹಾಲಿವುಡ್‌ನಲ್ಲಿ ಬರವಣಿಗೆ ನಿಂತಿತ್ತು. ನಾಲ್ಕನೇ ಸೀಸನ್ ಎರಡು ತುಂಡಾಯಿತು: 2008ರ ಜೂನ್ 13ಕ್ಕೆ ನಿಂತದ್ದು ಮುಂದುವರಿದದ್ದು 2009ರ ಜನವರಿ 16ಕ್ಕೆ. ಏಳು ತಿಂಗಳ ಬಿಡುವಿನಲ್ಲಿ ಅಭಿಮಾನಿಗಳ ಊಹೆ ನಂಬಿಕೆಯಾಯಿತು, ನಂಬಿಕೆ ಹಕ್ಕಾಯಿತು. ಉಳಿದ ಕಂತುಗಳಲ್ಲಿ ಮಾಹಿತಿಯನ್ನು ತುರುಕಬೇಕಾಯಿತು. ‘ನೋ ಎಕ್ಸಿಟ್’ನಲ್ಲಿ ತಲೆಗೆ ಗುಂಡು ಬಿದ್ದ, ಐವರಲ್ಲಿ ಒಬ್ಬನಾದ ಆ್ಯಂಡರ್ಸ್ ಮಂಚದ ಮೇಲೆ ಮಲಗಿ ಇಡೀ ಪೂರ್ವಕಥೆ ಒಪ್ಪಿಸುತ್ತಾನೆ. ಕಾಲಮಿತಿ ಯಕ್ಷಗಾನ ನೋಡಿದ ನಮ್ಮ ಕಡೆಯವರಿಗೆ ಇದರ ಕಷ್ಟ ಗೊತ್ತು. ಬೆಳಗಿನವರೆಗೆ ಆಡುವ ಪ್ರಸಂಗವನ್ನು ಮಧ್ಯರಾತ್ರಿಗೆ ಮುಗಿಸುವಾಗ ಭಾಗವತರು ಹತ್ತು ಪದ್ಯ ಬಿಡಬಹುದು. ಕಥೆಯ ಸಂಧಿ ಬಿಟ್ಟರೆ ಮಾತ್ರ ಸಭೆಗೆ ತಿಳಿದುಬಿಡುತ್ತದೆ.

ಈಗ ‘ಈವ್’. ಇದಕ್ಕೆ ಉತ್ತರ ಹೇಳಲು ತುಳುನಾಡಿಗಿಂತ ಒಳ್ಳೆಯ ಜಾಗ ಇಲ್ಲ. ಮೈಟೊಕಾಂಡ್ರಿಯ ಎಂಬುದು ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗ. ಅದಕ್ಕೆ ತನ್ನದೇ ಡಿಎನ್‌ಎ ಇದೆ, ಅದು ಬರುವುದು ತಾಯಿಯಿಂದ. ಮಗ, ಮಗಳು ಇಬ್ಬರಿಗೂ ಸಿಗುತ್ತದೆ, ಮುಂದಕ್ಕೆ ಸಾಗಿಸುವವಳು ಮಗಳು ಮಾತ್ರ. ಅಳಿಯಕಟ್ಟಿನ (ತಾಯಿಯ ಕಡೆಯಿಂದ ವಂಶ ಎಣಿಸುವ) ಮನೆಗಳ ‘ಬರಿ’ಯೂ (ಕುಲವೂ) ಹೀಗೆಯೇ ಅಲ್ಲವೇ? ಮೂವರು ಗಂಡುಮಕ್ಕಳೇ ಇರುವ ತಾಯಿಯ ಬರಿ ಆ ಮಕ್ಕಳ ಜತೆಗೆ ನಿಲ್ಲುತ್ತದೆ. ಮೊಮ್ಮಕ್ಕಳು ಸೊಸೆಯಂದಿರ ಬರಿಗೆ ಸೇರುತ್ತಾರೆ. ಹಾಗೆಂದು ಅಜ್ಜಿಯ ರಕ್ತ ನಿಂತಿತೇ? ಇಲ್ಲ, ಮೊಮ್ಮಕ್ಕಳು ಅವಳವರೇ. ಹೀಗೆ ಒಂದೊಂದೇ ಬರಿ ನಿಲ್ಲುತ್ತಾ ಬಂದು, ಇಂದು ಬದುಕಿರುವ ಎಲ್ಲರ ತಾಯಿ-ಸಾಲು ಹಿಂದೆ ಹೋಗಿ ಒಬ್ಬಳಲ್ಲಿ ಸೇರುತ್ತದೆ. ಅವಳಿಗೆ ಇಟ್ಟ ಹೆಸರು ‘ಮೈಟೊಕಾಂಡ್ರಿಯಲ್ ಈವ್’. 1987ರಲ್ಲಿ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಅಲನ್ ವಿಲ್ಸನ್ 147 ಜನರ ಮೈಟೊಕಾಂಡ್ರಿಯ ಡಿಎನ್‌ಎ ಹೋಲಿಸಿ, ಅಂಥವಳು ಸುಮಾರು 2 ಲಕ್ಷ ವರ್ಷ ಹಿಂದೆ ಆಫ್ರಿಕಾದಲ್ಲಿ ಇದ್ದಿರಬೇಕೆಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು.

ಧಾರಾವಾಹಿಯ ಕೊನೆಯಲ್ಲಿ ಹೆರಾಳೇ ಆ ಈವ್. ಅದು ಎಡವಿದ್ದು ಎಲ್ಲೆಂದರೆ, ಅವಳು ಮನುಷ್ಯರೆಲ್ಲರ ‘ತೀರ ಇತ್ತೀಚಿನ ಸಾಮಾನ್ಯ ಪೂರ್ವಜೆ’ ಎಂದು ಹೇಳಿ, ‘ತಾಯಿಯ ಸಾಲಿನಲ್ಲಿ’ ಎಂಬ ಮಾತು ಬಿಟ್ಟಿತು. ಗಂಡಿನ ಕಡೆಯ ಸಾಲುಗಳನ್ನೂ ಸೇರಿಸಿ ನೋಡಿದರೆ ಸಾಮಾನ್ಯ ಪೂರ್ವಜರು ಬಹಳ ಹತ್ತಿರದ ಕಾಲದಲ್ಲೇ ಸಿಗುತ್ತಾರೆ. ಈವ್ ತನ್ನ ಕಾಲದ ಒಬ್ಬಳೇ ಹೆಂಗಸೂ ಅಲ್ಲ. ಆದ್ದರಿಂದ ‘ಉಳಿದವರೆಲ್ಲ ವಂಶವಿಲ್ಲದೆ ಅಳಿದರೇ’ ಎಂಬ ಅಳಲು ಬೇಡ. ಒಂದು ಸೊಗಸು ಮಾತ್ರ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ: ಹೆರಾಳ ಅಪ್ಪ ಮನುಷ್ಯ, ತಾಯಿ ಸೈಲಾನ್. ಹಾಗಾದರೆ ಕಥೆಯ ಲೆಕ್ಕದಲ್ಲಿ ಇಂದಿನ ನಮ್ಮೆಲ್ಲರ ಬರಿ ಯಂತ್ರದ ಕಡೆಯದ್ದು. ಎಂಜಿನಿಯರಿಂಗ್ ಓದುವ ನಿಮ್ಮ ಗೆಳೆಯರಿಗೆ ಇದನ್ನು ಹೇಳಿ ನೋಡಿ.

ಕೊನೆಗೆ ಭೂಮಿ ಸಿಕ್ಕ ಮೇಲೆ ಹಡಗುಗಳನ್ನೆಲ್ಲ ಸೂರ್ಯನಿಗೆ ಒಪ್ಪಿಸಿ, ಸುಮಾರು 38 ಸಾವಿರ ಜನ ಔಷಧಿಯೂ ಇಲ್ಲದೆ ಕಾಡಿಗೆ ಇಳಿದದ್ದು ನನಗೂ ಒಪ್ಪಿಗೆಯಾಗಿಲ್ಲ. ‘33’ ಎಂಬ ಮೊದಲ ಕಂತಿನ ಕೊನೆಯಲ್ಲಿ ಒಂದು ಮಗು ಹುಟ್ಟಿತೆಂದು ಅಧ್ಯಕ್ಷೆ ರೋಸ್ಲಿನ್ ಬಿಳಿ ಹಲಗೆಯ ಮೇಲೆ 47,972 ಇದ್ದದ್ದನ್ನು 47,973 ಮಾಡುತ್ತಾಳೆ. ಒಂದೊಂದು ಜೀವ ಎಣಿಸಿದ ಜನ, ಮುಂದಿನ ಹೆರಿಗೆಗೆ ವೈದ್ಯರ ಚೀಲವನ್ನೂ ಇಟ್ಟುಕೊಳ್ಳದೆ ಹೋಗುವುದು ಆ ಹಲಗೆಗೆ ಹೊಂದುವುದಿಲ್ಲ.

ವಿಮಾನ ಬಿದ್ದು ದ್ವೀಪದಲ್ಲಿ ಸಿಲುಕಿದವರ ಕಥೆ ‘ಲಾಸ್ಟ್’ ಬಗ್ಗೆಯೂ ಒಂದು ಸಾಲು ಕೇಳಿದ್ದೀರಿ. ‘ಎಲ್ಲರೂ ಮೊದಲೇ ಸತ್ತಿದ್ದರು’ ಎನ್ನುವುದು ತಪ್ಪು ಓದು. 2010ರ ಮೇ 23ರಂದು ಕೊನೆಯ ಕಂತು ಮುಗಿದ ಮೇಲೆ ಹೆಸರುಗಳು ಓಡುವಾಗ ಖಾಲಿ ಕಡಲ ದಂಡೆಯಲ್ಲಿ ವಿಮಾನದ ಅವಶೇಷ ತೋರಿಸಿದರು. ಅದು ಕಥೆಯ ಭಾಗವಲ್ಲ. ಮುಂದಿನ ಸುದ್ದಿಗೆ ಹೋಗುವ ಮುನ್ನ ಮನಸ್ಸು ತಿಳಿಯಾಗಲೆಂದು ಎಬಿಸಿ ವಾಹಿನಿ ಸೇರಿಸಿದ ಚಿತ್ರ. ಕಂತಿನೊಳಗೆ ಕಥಾನಾಯಕ ಜ್ಯಾಕ್‌ಗೆ ಅವನ ಅಪ್ಪ, ಕೆಲವರು ನಿನಗಿಂತ ಮೊದಲು, ಕೆಲವರು ಎಷ್ಟೋ ಕಾಲದ ನಂತರ ಸತ್ತರು ಎಂದು ಬಿಡಿಸಿ ಹೇಳುತ್ತಾನೆ. ಮಾತು ಕಿವಿಗೆ ಬೀಳಲಿಲ್ಲ, ಚಿತ್ರ ಕಣ್ಣಲ್ಲಿ ಉಳಿಯಿತು.

ಇನ್ನು ನಿಮ್ಮ ಚರ್ಚೆ. ಗ್ರಂಥಾಲಯದಲ್ಲಿ ಕಂತು ಹಾಕಿ ತೋರಿಸುವ ಯೋಚನೆ ಬಿಡಿ. ಮನೆಗೆಂದು ಕೊಂಡ ಡಿಸ್ಕ್, ಚಂದಾ ಖಾತೆ ಯಾವುದೂ ಸಾರ್ವಜನಿಕ ಪ್ರದರ್ಶನಕ್ಕೆ ಅಲ್ಲ, ಅದಕ್ಕೆ ಬೇರೆ ಅನುಮತಿ ಬೇಕು. ಎಲ್ಲರೂ ಮನೆಯಲ್ಲೇ ಮತ್ತೆ ನೋಡಿ ಬರಲಿ. ಮೂರು ಗಂಟೆಯ ಆರಂಭದ ಕಿರುಸರಣಿ, ‘33’, ‘ಹೋಮ್’ ಎರಡನೇ ಭಾಗ, ‘ಕ್ರಾಸ್‌ರೋಡ್ಸ್’ ಎರಡನೇ ಭಾಗ, ‘ಸಮ್‌ಟೈಮ್ಸ್ ಎ ಗ್ರೇಟ್ ನೋಶನ್’, ‘ನೋ ಎಕ್ಸಿಟ್’, ‘ಸಮ್‌ವನ್ ಟು ವಾಚ್ ಓವರ್ ಮಿ’, ಆಮೇಲೆ ‘ಡೇಬ್ರೇಕ್’. ಒಟ್ಟು ಸುಮಾರು ಹತ್ತು ಗಂಟೆ; ಎರಡು ವಾರ ಕೊಟ್ಟರೆ ಯಾರಿಗೂ ಹೊರೆಯಲ್ಲ. ‘ಡೇಬ್ರೇಕ್’ನ ಡಿಸ್ಕ್ ಆವೃತ್ತಿ ಟಿವಿಯಲ್ಲಿ ಬಂದದ್ದಕ್ಕಿಂತ ಉದ್ದ. ಯಾವುದು ನೋಡಬೇಕೆಂದು ಮೊದಲೇ ಗೊತ್ತುಮಾಡಿ, ಇಲ್ಲದಿದ್ದರೆ ‘ಆ ದೃಶ್ಯ ಇತ್ತು’, ‘ಇರಲಿಲ್ಲ’ ಎಂಬಲ್ಲೇ ಅರ್ಧ ಗಂಟೆ ಹೋಗುತ್ತದೆ.

ಪ್ರತಿಯೊಬ್ಬರ ಕೈಯಲ್ಲಿ ಒಂದು ನೋಟ್ ಪುಸ್ತಕ, ಪುಟಕ್ಕೆ ನಾಲ್ಕು ಕಲಂ: ಪ್ರಶ್ನೆ ಏನು, ಕಥೆಯೊಳಗೆ ಯಾರು ಎತ್ತಿದರು, ಯಾವ ಕಂತು, ಉತ್ತರ ಸಿಕ್ಕಿದ್ದು ಯಾವ ಕಂತು. ಎರಡನೆಯ ಕಲಂ ತಪ್ಪಿಸಬೇಡಿ. ಕಥೆಯ ಪಾತ್ರ ಎತ್ತದ ಪ್ರಶ್ನೆ ನಿಮ್ಮದೇ ಊಹೆಯದ್ದು, ಡೇನಿಯಲ್ ತರಹದ್ದು. ಅದಕ್ಕೆ ಬರಹಗಾರ ಬಾಧ್ಯನಲ್ಲ. ಹತ್ತು ಪ್ರಶ್ನೆ ಸಾಕು. ಇಪ್ಪತ್ತಾದರೆ ಯಾವುದೂ ಮುಗಿಯದು.

ಸಭೆಗೆ ಎಂಟು ಹತ್ತು ಜನ ಇದ್ದರೆ ಹಿತ, ಸಮಯ ಎರಡು ಗಂಟೆ. ಕೊನೆಯ ಕಂತು ನೋಡಿದ ರಾತ್ರಿಯೇ ಕೂರಬೇಡಿ, ನಡುವೆ ಒಂದು ದಿನವಾದರೂ ಇರಲಿ. ನಿಮ್ಮ ಜಗಳ ಹತ್ತಿದ್ದು ಆ ಬಿಡುವು ಇಲ್ಲದ್ದರಿಂದಲೇ. ‘ಇಷ್ಟವಾಯಿತಾ’ ಎಂಬ ಪ್ರಶ್ನೆಯಿಂದ ಶುರುಮಾಡಿದರೆ ಮೊದಲ ಐದು ನಿಮಿಷಕ್ಕೇ ಪಾಳಯ ಬೀಳುತ್ತದೆ, ಆಮೇಲೆ ಯಾರೂ ಜಾಗ ಬಿಟ್ಟು ಕದಲುವುದಿಲ್ಲ. ತಾಳಮದ್ದಳೆಯಲ್ಲಿ ಪದ್ಯ ಮೊದಲು, ಅರ್ಥ ಆಮೇಲೆ. ಹಾಗೆಯೇ ಒಬ್ಬರು ಕಂತಿನ ಹೆಸರು, ದೃಶ್ಯ ಹೇಳಲಿ, ಆಮೇಲೆ ವಾದ ಬರಲಿ. ಕಾರಾಳ ಸರದಿಯನ್ನು ಕೊನೆಗೆ ಇಡಿ, ಅದಕ್ಕೇ ಅರ್ಧ ಗಂಟೆ ಬೇಕು. ಕಣ್ಣೀರು ಹಾಕಿದ ಇಬ್ಬರಿಗೆ ಅಲ್ಲಿ ಮೊದಲು ಮಾತಾಡಲು ಬಿಡಿ. ಹುಲ್ಲುಗಾವಲಿನ ಆ ದೃಶ್ಯದಲ್ಲಿ ಅವರು ಕಂಡದ್ದು ಏನೆಂದು ನಿಮ್ಮ ಮೂವರು ಸ್ನೇಹಿತರು ಇನ್ನೂ ಕೇಳಿಲ್ಲವೆಂದು ನಿಮ್ಮ ಪತ್ರದಿಂದ ಕಾಣುತ್ತದೆ.

ಚರ್ಚೆ ಮುಗಿದ ಮೇಲೆ ನಾಲ್ಕು ಕಲಮಿನ ಒಂದು ಪುಟವನ್ನು ನಮಗೂ ಕಳಿಸಿ. ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು ಕಂತಿನ ಹೆಸರಿನ ಸಮೇತ ಓದುಗರ ಪುಟದಲ್ಲಿ ಅಚ್ಚು ಹಾಕುತ್ತೇವೆ.

— ಸಂಪಾದಕ, ಮಂಗಳೂರು