ಇಂಟರ್ನೆಟ್ ಸರಿಯಾಗಿದ್ದರೂ ಕಂಪ್ಯೂಟರ್ ಸಂಸ್ಥೆಯ ಡೊಮೇನ್‌ಗೆ (ಒಂದೇ ಕಡೆಯಿಂದ ನಿರ್ವಹಿಸುವ ಕಂಪ್ಯೂಟರ್‌ಗಳ ಗುಂಪಿಗೆ) ಏಕೆ ಸೇರುವುದಿಲ್ಲ?

ಬಹುತೇಕ ಸಂದರ್ಭಗಳಲ್ಲಿ, ಆ ಕಂಪ್ಯೂಟರಿಗೆ ಕೊಟ್ಟಿರುವ ಡಿಎನ್‌ಎಸ್ (ಹೆಸರುಗಳಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ವಿಳಾಸವು ಡೊಮೇನ್‌ನ ಸ್ವಂತ ಡಿಎನ್‌ಎಸ್ ಸರ್ವರಿನದಾಗಿರದೆ, ರೌಟರಿನದೋ 8.8.8.8ರಂತಹ ಸಾರ್ವಜನಿಕ ಸರ್ವರಿನದೋ ಆಗಿರುವುದೇ ಇದಕ್ಕೆ ಕಾರಣ.

ವಿಂಡೋಸ್ ಕಂಪ್ಯೂಟರ್ ಆಕ್ಟಿವ್ ಡೈರೆಕ್ಟರಿ (ಬಳಕೆದಾರರನ್ನೂ ಕಂಪ್ಯೂಟರ್‌ಗಳನ್ನೂ ನಿರ್ವಹಿಸುವ ಮೈಕ್ರೋಸಾಫ್ಟ್ ವ್ಯವಸ್ಥೆ) ಡೊಮೇನ್‌ಗೆ ಸೇರುವಾಗ ಬರಿಯ ಐಪಿ ವಿಳಾಸವನ್ನು ಕೇಳುವುದಿಲ್ಲ. ಲಾಗಿನ್ ಪರಿಶೀಲಿಸುವ ಸರ್ವರ್, ಅಂದರೆ ಡೊಮೇನ್ ಕಂಟ್ರೋಲರ್, ಯಾವುದು ಮತ್ತು ಯಾವ ಪೋರ್ಟಿನಲ್ಲಿ (ಸೇವೆಯ ದ್ವಾರಸಂಖ್ಯೆಯಲ್ಲಿ) ಸಿಗುತ್ತದೆ ಎಂಬುದನ್ನು ಎಸ್‌ಆರ್‌ವಿ ಎಂಬ ವಿಶೇಷ ಡಿಎನ್‌ಎಸ್ ದಾಖಲೆಯಿಂದ ತಿಳಿದುಕೊಳ್ಳುತ್ತದೆ. ಈ ದಾಖಲೆ ಸಾಮಾನ್ಯವಾಗಿ ಸಂಸ್ಥೆಯ ಒಳಗಿನ ಡಿಎನ್‌ಎಸ್‌ನಲ್ಲಿ ಮಾತ್ರ ಇರುವುದರಿಂದ ಹೊರಗಿನ ಸರ್ವರ್ ‘ಅಂತಹ ಹೆಸರಿಲ್ಲ’ ಎಂದುಬಿಡುತ್ತದೆ. ಕಂಟ್ರೋಲರಿನ ಐಪಿಗೆ ಪಿಂಗ್ (ಸಂಪರ್ಕ ಪರೀಕ್ಷಿಸುವ ಸಂದೇಶ) ತಲುಪುತ್ತಿದ್ದರೂ ಸೇರ್ಪಡೆ ವಿಫಲವಾಗುವುದು ಇದರಿಂದಲೇ.

ಮೊದಲು ‘ಐಪಿಕಾನ್ಫಿಗ್ /ಆಲ್’ (ipconfig /all) ಆಜ್ಞೆಯಲ್ಲಿ ಡಿಎನ್‌ಎಸ್ ಸಾಲನ್ನು ನೋಡಿ, ಅಲ್ಲಿ ಒಳಗಿನ ಸರ್ವರಿನ ವಿಳಾಸವನ್ನಷ್ಟೇ ಇರಿಸಿ. ‘ಇದ್ದರೆ ಇರಲಿ’ ಎಂದು ಸಾರ್ವಜನಿಕ ವಿಳಾಸವನ್ನು ಎರಡನೆಯದಾಗಿ ಸೇರಿಸುವವರು ಬಹಳ. ಆದರೆ ಮೊದಲ ಸರ್ವರ್ ತಡಮಾಡಿದಾಗ ವಿಂಡೋಸ್ ಎರಡನೆಯದನ್ನು ಕೇಳಿ, ಅದರ ‘ಇಲ್ಲ’ ಎಂಬ ಉತ್ತರವನ್ನೇ ಅಂತಿಮವೆಂದು ನಂಬುವುದರಿಂದ, ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಳ್ಳುವ ದೋಷಕ್ಕೆ ಅದು ದಾರಿಯಾಗುತ್ತದೆ. ಅಂತಹ ಹಳೆಯ ಉತ್ತರಗಳು ಕಂಪ್ಯೂಟರಿನ ನೆನಪಿನಲ್ಲಿ ಉಳಿದಿರಬಹುದಾದ್ದರಿಂದ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’ (ipconfig /flushdns) ಆಜ್ಞೆಯನ್ನೂ ನೀಡಬೇಕು.

ಆಮೇಲೂ ಸೇರದಿದ್ದರೆ, ಚಿಕ್ಕ ಹೆಸರಿನ ಬದಲು ಚುಕ್ಕಿಗಳಿರುವ ಪೂರ್ಣ ಡೊಮೇನ್ ಹೆಸರನ್ನು ಕೊಟ್ಟು ನೋಡಿ. ಎಸ್‌ಆರ್‌ವಿ ದಾಖಲೆ ಒಳಗಿನ ಸರ್ವರಿನಲ್ಲಿಯೇ ಕಾಣೆಯಾಗಿದ್ದರೆ, ಡೊಮೇನ್ ಕಂಟ್ರೋಲರಿನಲ್ಲಿ ನೆಟ್‌ಲಾಗಾನ್ ಸೇವೆಯನ್ನು ಮರುಪ್ರಾರಂಭಿಸಬೇಕು; ಆಗ ಅದು ತನ್ನ ದಾಖಲೆಗಳನ್ನು ಹೊಸದಾಗಿ ನೋಂದಾಯಿಸುತ್ತದೆ.