ಅಜೇಲಿಯಾ ಎಲೆ ಹಳದಿಯಾದರೆ ಮೊದಲು ಮಣ್ಣು ನೋಡಿ

ನಿಮ್ಮ ನಿತ್ಯಹಸಿರು ಅಜೇಲಿಯಾ ಹೂಗಿಡದ ಎಳೆ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿವೆಯೇ? ಇದು ಹೆಚ್ಚಾಗಿ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದಂಶ ಜಾಸ್ತಿಯಾದರೆ ಬೇರು ಅದನ್ನು ಹೀರಲಾರದು. ಈ ಗಿಡಕ್ಕೆ ಪಿಎಚ್ (ಮಣ್ಣಿನ ಹುಳಿ ಅಳೆಯುವ ಸಂಖ್ಯೆ, ಇದು ಇಳಿದಷ್ಟೂ ಹುಳಿ ಹೆಚ್ಚು) 4.5ರಿಂದ 6ರೊಳಗಿನ ಹುಳಿ ಮಣ್ಣೇ ಬೇಕು. ಬೂದಿ, ಸುಣ್ಣ ಹತ್ತಿರಕ್ಕೂ ತರಬೇಡಿ. ಗಡಸು ನೀರಿನ ಬದಲು ಮಳೆನೀರು ಹಾಕಿ. ಕೀಲೇಟೆಡ್ ಕಬ್ಬಿಣ (ಬೇರು ಸುಲಭವಾಗಿ ಹೀರುವ ರೂಪದ ಕಬ್ಬಿಣ) ಕೊಟ್ಟರೆ ಬೇಗ ಹಸಿರಾಗುತ್ತದೆ, ಆದರೆ ಪಿಎಚ್ ಇಳಿಯದಿದ್ದರೆ ಮತ್ತೆ ಅದೇ ಕಥೆ. ಗಂಧಕದ ಪುಡಿ ಇಳಿಸುತ್ತದೆ, ತಿಂಗಳುಗಟ್ಟಲೆ ಕಾಯಬೇಕು ಅಷ್ಟೆ.

ದಯವಿಟ್ಟು ಬುಡ ಅಗೆಯಬೇಡಿ! ಕೂದಲೆಳೆಯಂಥ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಕಾಂಡಕ್ಕೆ ತಾಗದಂತೆ ತರಗೆಲೆ ಹೊದಿಸಿ. ಸವರುವುದಿದ್ದರೆ ಹೂ ಮುಗಿದ ಕೂಡಲೇ ಸವರಿ. ತಡಮಾಡಿದರೆ ಮುಂದಿನ ವರ್ಷದ ಮೊಗ್ಗುಗಳೇ ಕತ್ತರಿಗೆ ಸಿಗುತ್ತವೆ.